ಪದೇ ಪದೇ ಬರುವ ಅತಿಥಿ

ತಿಥಿ ನೋಡದೆ, ಬರುವ ದಿನ ತಿಳಿಸದೆ ಬಂದವನು ಅತಿಥಿ ಎಂದು ಹಳಬರು ಆ ಶಬ್ದವನ್ನು ಬಿಡಿಸಿ ಹೇಳುತ್ತಿದ್ದರು. ಒಂದು ರಾತ್ರಿ ತಂಗಿ ಹೋಗುವವನೇ ಅತಿಥಿ ಎಂದು ಮನುಸ್ಮೃತಿಯೂ ಗೆರೆ ಎಳೆದಿದೆ. ಹಾಗಾದರೆ ತಿಂಗಳಿಗೆ ನಾಲ್ಕು ಸಲ ಬರುವವನನ್ನು, ಬರುವ ದಿನವನ್ನು ಮೊದಲೇ ತಿಳಿಸಿ ಕಳೆದ ಸಲದ ಕೋಣೆಯನ್ನೇ ಕೇಳುವವನನ್ನು ಏನೆಂದು ಕರೆಯುವುದು? ಹಣ ಕೊಟ್ಟು ಹೋಗುವುದರಿಂದ ಅವನು ನೆಂಟನಲ್ಲ. ಹೆಸರು ಹಿಡಿದು ಮಾತಾಡಿಸಲಿ ಎಂದು ಬಯಸುವುದರಿಂದ ಬರೀ ಗಿರಾಕಿಯೂ ಅಲ್ಲ. ವಿಮಾನ ಕಂಪೆನಿಗಳೂ ದೊಡ್ಡ ಹೋಟೆಲುಗಳೂ ನಲವತ್ತು ವರ್ಷಗಳಿಂದ ಈ ನಡುವಿನ ಮನುಷ್ಯನ ಬೆನ್ನು ಹಿಡಿದಿವೆ. ಅವನು ಹಾರಿದ ಮೈಲಿಗಳನ್ನು, ತಂಗಿದ ರಾತ್ರಿಗಳನ್ನು ಎಣಿಸಿ ಪಾಯಿಂಟು ಕೊಡುತ್ತವೆ. ಅಮೆರಿಕದಲ್ಲಂತೂ ಈ ಪಾಯಿಂಟು ಕೂಡಿಸುವವರೆಲ್ಲ ವಾರಾಂತ್ಯಕ್ಕೆ ಒಂದು ಹೋಟೆಲಿನಲ್ಲಿ ಸೇರಿ ಸಮಾವೇಶವನ್ನೇ ನಡೆಸುತ್ತಾರೆ.

ಸುಳ್ಯದಿಂದ ಬೆಳ್ಳಾರೆಗೆ ಹೋಗುವ ದಾರಿಯ ಐವರ್ನಾಡಿನಲ್ಲಿ ಕೂತು ಇದನ್ನು ಯೋಚಿಸುವುದು ವಿಚಿತ್ರ ಎನಿಸಬಹುದು. ಇಲ್ಲಿಂದ ಪುತ್ತೂರು ದಾಟಿ ಬಜ್ಪೆಯ ವಿಮಾನ ನಿಲ್ದಾಣ ಮುಟ್ಟಬೇಕಾದರೆ ಅರ್ಧ ದಿನವನ್ನೇ ಎತ್ತಿಡಬೇಕು. ಆದರೆ ದಾರಿಹೋಕನಿಗೆ ಏನು ಬೇಕು, ಅವನನ್ನು ಇಳಿಸಿಕೊಳ್ಳುವವನು ಏನು ಕೊಡಬೇಕು ಎಂಬ ಪ್ರಶ್ನೆ ವಿಮಾನಕ್ಕಿಂತ ಬಹಳ ಹಳೆಯದು. ಅದಕ್ಕೆ ನಮ್ಮ ಸೀಮೆ ಕೊಟ್ಟುಕೊಂಡ ಉತ್ತರಗಳನ್ನು ಒಂದಾದ ಮೇಲೊಂದು ನೋಡಿದರೆ ಇವತ್ತಿನ ಪಾಯಿಂಟುಗಳ ಕಥೆಯೂ ಸ್ವಲ್ಪ ಬಿಡಿಸಿಕೊಳ್ಳುತ್ತದೆ.

ದಕ್ಷಿಣ ಕನ್ನಡದ ಹಳೆಯ ಮನೆಗಳಲ್ಲಿ ಜಗಲಿಗೆ ಬಂದವರಿಗೆ ಮೊದಲು ಸಿಗುತ್ತಿದ್ದದ್ದು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಹವ್ಯಕರ ಮನೆಯಾದರೆ 'ಆಸರಿಂಗೆ ಎಂತ ಬೇಕು?' ಎಂಬ ಪ್ರಶ್ನೆ. ಆಮೇಲೆ ಎಲೆ ಅಡಿಕೆಯ ತಟ್ಟೆ. ಊರು, ಹೆಸರು, ಬಂದ ಕೆಲಸ ಇವೆಲ್ಲ ಅದಾದ ಮೇಲಿನ ಮಾತು. ಬಂದವನು ಮೊದಲ ಸಲ ಬಂದವನೋ ನೂರನೆಯ ಸಲ ಬಂದವನೋ, ಬೆಲ್ಲದ ತುಂಡು ದೊಡ್ಡದಾಗುತ್ತಿರಲಿಲ್ಲ. ಸಂಪಾಜೆಯ ಕಡೆಯಿಂದ ಘಟ್ಟ ಹತ್ತಿ ಇಳಿಯುವವರಿಗೆ, ಕುಕ್ಕೆಗೆ ಹರಕೆ ಹೊತ್ತು ನಡೆಯುವವರಿಗೆ ಬೇಸಿಗೆಯಲ್ಲಿ ಅರವಟ್ಟಿಗೆ, ಹೊರೆ ಇಳಿಸಲು ಕಲ್ಲಿನ ಕಟ್ಟೆ, ಕ್ಷೇತ್ರದಲ್ಲಿ ಛತ್ರ. ಇವುಗಳಲ್ಲಿ ಪುಣ್ಯದ ಲೆಕ್ಕ ಕಟ್ಟಿಸಿದವನ ಹೆಸರಿಗೆ ಜಮೆಯಾಗುತ್ತಿತ್ತು. ಬಂದವನ ಹೆಸರನ್ನು ಯಾರೂ ಬರೆದಿಡುತ್ತಿರಲಿಲ್ಲ.

ಹೀಗೆಂದು ಆ ಕಾಲವನ್ನು ಹೊಗಳಿ ಮುಗಿಸುವಂತಿಲ್ಲ. ಹೆಸರು ಬರೆಯದವರೂ ಜಾತಿ ಕೇಳುತ್ತಿದ್ದರು. ಬೆಲ್ಲ ನೀರು ಜಗಲಿಯ ಮೇಲೋ ಅಂಗಳದಲ್ಲೋ, ಚೆಂಬಿನಲ್ಲೋ ಗೆರಟೆಯಲ್ಲೋ ಎಂಬುದು ಬಂದವನ ಹುಟ್ಟನ್ನು ನೋಡಿ ತೀರ್ಮಾನವಾಗುತ್ತಿತ್ತು. ಛತ್ರದ ಪಂಕ್ತಿಯೂ ಎಲ್ಲರದ್ದಾಗಿರಲಿಲ್ಲ. ಎಷ್ಟು ಸಲ ನಡೆದು ಬಂದರೂ ಏರಲಾಗದ ಮೆಟ್ಟಿಲುಗಳು ಅಲ್ಲಿದ್ದವು. ಇವತ್ತಿನ ಹೋಟೆಲುಗಳು ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ಅತಿಥಿಗಳಲ್ಲಿ ದರ್ಜೆ ಮಾಡುವುದನ್ನು ಕಂಡು ನಗುವ ಮೊದಲು ಇದನ್ನು ನೆನಪಿಡುವುದು ಒಳ್ಳೆಯದು. ಈ ದರ್ಜೆಯನ್ನು ಹಣ ಕೊಟ್ಟಾದರೂ ಏರಬಹುದು, ಆ ದರ್ಜೆಗೆ ಏಣಿಯೇ ಇರಲಿಲ್ಲ.

ಬ್ರಿಟಿಷರು ತಂದ ಮುಸಾಫರಿ ಬಂಗಲೆಯಲ್ಲಿ ದರ್ಜೆ ಬೇರೆ ಬಗೆಯದು. ಅಲ್ಲಿ ಒಂದು ಪುಸ್ತಕ ಇರುತ್ತಿತ್ತು. ಬಂದವರು ಹೆಸರು, ಹುದ್ದೆ, ಬಂದ ದಿನ, ಹೋದ ದಿನ ಬರೆದು ಬಾಡಿಗೆ ಕಟ್ಟಬೇಕು. ಸರ್ಕಾರಿ ಕೆಲಸದ ಮೇಲೆ ಬಂದವರಿಗೆ ಮೊದಲ ಹಕ್ಕು. ದೊಡ್ಡ ಅಧಿಕಾರಿ ಬಂದರೆ ಉಳಿದವರು ಕೋಣೆ ಬಿಡಬೇಕು. ಪ್ರಯಾಣಿಕನನ್ನು ಪುಸ್ತಕದಲ್ಲಿ ದಾಖಲಿಸಿ, ಆ ದಾಖಲೆಯ ಮೇಲೆ ಅವನ ಸವಲತ್ತನ್ನು ನಿಗದಿ ಮಾಡುವ ಪದ್ಧತಿ ನಮ್ಮ ಹಳ್ಳಿಗಾಡಿಗೆ ಕಾಲಿಟ್ಟದ್ದು ಹೀಗೆ.

ಅದೇ ಕಾಲದಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಕೊಡಗಿನ ಅರಸರ ಕೈಯಲ್ಲಿದ್ದ ಅಮರಸುಳ್ಯ ಸೀಮೆ 1834ರಲ್ಲಿ ಕಂಪೆನಿಯ ಪಾಲಾಗಿ ಕೆನರಾ ಜಿಲ್ಲೆಗೆ ಸೇರಿತು. ಧಾನ್ಯವಾಗಿ ಕೊಡುತ್ತಿದ್ದ ಕಂದಾಯವನ್ನು ಇನ್ನು ನಗದಾಗಿ ಕೊಡಬೇಕೆಂದಾಯಿತು. 1837ರ ದಂಗೆಗಿದ್ದ ಕಾರಣಗಳಲ್ಲಿ ಇದೂ ಒಂದು. ದಂಗೆಯೆದ್ದವರು ಬೆಳ್ಳಾರೆಯ ಖಜಾನೆಯನ್ನು ಹಿಡಿದು ಮಂಗಳೂರಿನವರೆಗೂ ನಡೆದರು. ದಂಗೆ ಅಡಗಿತು, ನಗದು ಉಳಿಯಿತು. ಭತ್ತ, ಅಡಿಕೆ, ಕಾಳುಮೆಣಸುಗಳಲ್ಲಿ ಬದುಕನ್ನು ಅಳೆಯುತ್ತಿದ್ದ ಸೀಮೆ ನಿಧಾನವಾಗಿ ರೂಪಾಯಿ ಆಣೆಗಳಲ್ಲಿ ಅಳೆಯಲು ಕಲಿತಾಗ ಊಟಕ್ಕೂ ಒಂದು ಬೆಲೆ ಬಂತು.

ಊಟಕ್ಕೆ ಬೆಲೆ ಕಟ್ಟುವುದನ್ನು ಒಂದು ಕಸುಬಾಗಿ ಬೆಳೆಸಿದವರು ನಮ್ಮ ಜಿಲ್ಲೆಯವರೇ. ಕಡಂದಲೆಯ ಕೆ. ಕೃಷ್ಣರಾಯರು ಮದರಾಸಿನಲ್ಲಿ ರುಬ್ಬುವ ಕಲ್ಲಿನಿಂದ ಶುರುಮಾಡಿ 1938ರಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಮುಂಬಯಿಯ ಮಾಟುಂಗಾದಲ್ಲಿ 1942ರಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಬಾಗಿಲು ತೆರೆಯಿತು. ದಾಸಪ್ರಕಾಶದ ಕೆ. ಸೀತಾರಾಮ ರಾಯರೂ ಇದೇ ಸಾಲಿನವರು. ಮನೆ ಬಿಟ್ಟು ಪೇಟೆಗೆ ಹೋದ ಗುಮಾಸ್ತ, ವಿದ್ಯಾರ್ಥಿ, ವ್ಯಾಪಾರಿಗೆ ಇವರ ಹೋಟೆಲುಗಳು ಎರಡನೆಯ ಅಡಿಗೆಮನೆಗಳಾದವು. ದುಡ್ಡು ಕೊಟ್ಟವರಿಗೆಲ್ಲ ಊಟ ಎಂಬುದು ಚಿಕ್ಕ ಕ್ರಾಂತಿಯೇನಲ್ಲ. ಆದರೆ ಅದೂ ಒಂದೇ ದಿನದಲ್ಲಿ ಆದದ್ದಲ್ಲ. ಬ್ರಾಹ್ಮಣರಿಗೆ ಬೇರೆ ಕೋಣೆ ಇಟ್ಟ ಹೋಟೆಲುಗಳು ಬಹುಕಾಲ ಇದ್ದವು. 1957ರಲ್ಲಿ ಮದರಾಸಿನ ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಮುಂದೆ ಪೆರಿಯಾರರ ಅನುಯಾಯಿಗಳು ದಿನವೂ ನಿಂತು, ಬೋರ್ಡಿನಲ್ಲಿದ್ದ 'ಬ್ರಾಹ್ಮಣ' ಎಂಬ ಶಬ್ದವನ್ನು ತೆಗೆಯಿರಿ ಎಂದು ಹಟ ಹಿಡಿಯಬೇಕಾಯಿತು.

ಪದೇ ಪದೇ ಬರುವ ಅತಿಥಿಯನ್ನು ಲೆಕ್ಕಕ್ಕೆ ತಂದವರೂ ಈ ಬೋರ್ಡಿಂಗಿನವರೇ. ತಿಂಗಳಿನ ಊಟದ ಟಿಕೆಟ್ ಪುಸ್ತಕವನ್ನು ಒಟ್ಟಿಗೆ ಕೊಂಡರೆ ಒಂದೊಂದು ಊಟ ಅಗ್ಗ. ಗೋಡೆಯ ಪಕ್ಕದ ಜಾಗ, ತುಪ್ಪ ಸ್ವಲ್ಪ ಹೆಚ್ಚು, ಸಾರು ಖಾರ ಕಡಿಮೆ ಎಂಬುದೆಲ್ಲ ಆ ಪುಸ್ತಕದಲ್ಲಿ ಬರೆದಿರುತ್ತಿರಲಿಲ್ಲ. ಅದು ಬಡಿಸುವ ಹುಡುಗನ ತಲೆಯಲ್ಲಿ ಇರುತ್ತಿತ್ತು. ಹರಿದುಕೊಡುವ ಚೀಟಿಯ ಲೆಕ್ಕ ಒಂದು, ಹುಡುಗ ನೆನಪಿಟ್ಟ ಲೆಕ್ಕ ಇನ್ನೊಂದು. ಖಾಯಂ ಗಿರಾಕಿಗೆ ಎರಡೂ ಬೇಕಿತ್ತು. ಮೊದಲನೆಯದು ಮೋಸವಾಗದಂತೆ ಕಾಯುತ್ತಿತ್ತು. ಎರಡನೆಯದರಿಂದ, ಪರವೂರಿನಲ್ಲಿ ತನ್ನನ್ನು ಬಲ್ಲವರು ಇದ್ದಾರೆ ಎಂಬ ಧೈರ್ಯ. ಆ ಹುಡುಗ ಬಹಳ ಸಲ ಕರಾವಳಿಯ ಯಾವುದೋ ಹಳ್ಳಿಯಿಂದ ಬಂದು, ಹಗಲು ಎಲೆ ಎತ್ತಿ ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದವನು. ಅವನಿಗೆ ಬಂದ ನೆನಪಿನ ವಿದ್ಯೆಗೆ ಸಂಬಳದಲ್ಲಿ ಕಾಲಂ ಇರಲಿಲ್ಲ.

ಈ ಎರಡು ಲೆಕ್ಕಗಳನ್ನೂ ಒಂದೇ ಯಂತ್ರಕ್ಕೆ ಹಾಕಬಹುದು ಎಂದು ಅಮೆರಿಕದ ವಿಮಾನ ಕಂಪೆನಿಗಳಿಗೆ ಹೊಳೆಯಿತು. 1978ರಲ್ಲಿ ಅಲ್ಲಿನ ಸರ್ಕಾರ ವಿಮಾನ ದರಗಳ ಮೇಲಿನ ಹಿಡಿತ ಬಿಟ್ಟಿತು. ಕಂಪೆನಿಗಳು ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆಯತೊಡಗಿದವು. 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ 'ಎಅಡ್ವಾಂಟೇಜ್' ಎಂಬ ಯೋಜನೆ ತೆಗೆಯಿತು. ಹಾರಿದ ಮೈಲಿಗಳನ್ನು ಕೂಡಿಸಿದರೆ ಪುಕ್ಕಟೆ ಟಿಕೆಟ್. ಮೊದಲ ಸದಸ್ಯರನ್ನು ಆರಿಸಲು ಅವರು ಮಾಡಿದ್ದು ಸರಳ ಉಪಾಯ: ಬುಕಿಂಗ್ ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಬರುವ ಫೋನ್ ನಂಬರುಗಳನ್ನು ಹುಡುಕಿದರು. ಬೋರ್ಡಿಂಗಿನ ಹುಡುಗ ಮುಖ ನೋಡಿ ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರು ನಂಬರು ನೋಡಿ ಮಾಡಿತು. ಎರಡು ವರ್ಷದೊಳಗೆ, 1983ರಲ್ಲಿ, ಹಾಲಿಡೇ ಇನ್ ಮತ್ತು ಮ್ಯಾರಿಯಟ್ ಹೋಟೆಲುಗಳೂ ಅದೇ ದಾರಿ ಹಿಡಿದವು.

ಆಮೇಲೆ ಈ ಲೆಕ್ಕವೇ ಕೆಲವರಿಗೆ ಹವ್ಯಾಸವಾಯಿತು. 1988ರಿಂದ ಪ್ರಯಾಣಿಕರೇ ಮತ ಹಾಕಿ ಒಳ್ಳೆಯ ಯೋಜನೆಗಳಿಗೆ ಬಹುಮಾನ ಕೊಡುವ ಪದ್ಧತಿ ಬಂತು. ಅಗ್ಗದ ವಿಮಾನಯಾನದ ಫ್ರೆಡ್ಡಿ ಲೇಕರ್ ನೆನಪಿಗೆ ಅದರ ಹೆಸರು ಫ್ರೆಡ್ಡಿ ಪ್ರಶಸ್ತಿ. 1999ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಇಂಜಿನಿಯರು ಪುಡ್ಡಿಂಗಿನ ಡಬ್ಬಿಯ ಮೇಲಿನ ಚೀಟಿಗೆ ಮೈಲಿ ಕೊಡುತ್ತಾರೆಂದು ತಿಳಿದು 12 ಸಾವಿರಕ್ಕೂ ಹೆಚ್ಚು ಡಬ್ಬಿ ಕೊಂಡ, ಹನ್ನೆರಡು ಲಕ್ಷಕ್ಕೂ ಮೀರಿ ಮೈಲಿ ಗಳಿಸಿದ. ಅಷ್ಟು ಪುಡ್ಡಿಂಗು ತಿನ್ನುವವರು ಯಾರು? ಬಡವರಿಗೆ ಊಟ ಹಾಕುವ ಧರ್ಮಸಂಸ್ಥೆಗೆ ಅದನ್ನು ದಾನ ಕೊಟ್ಟ, ಪ್ರತಿಯಾಗಿ ಅಲ್ಲಿನ ಸ್ವಯಂಸೇವಕರು ಚೀಟಿ ಕಿತ್ತುಕೊಟ್ಟರು. ಅನ್ನದಾನವೂ ಆಯಿತು, ಅದರ ಪುಣ್ಯ ಮೈಲಿಯಾಗಿ ಖಾತೆಗೂ ಬಿತ್ತು.

ಇಂಥವರು ಸೇರುವ ಸಮಾವೇಶಗಳು ಸಾಮಾನ್ಯವಾಗಿ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ನಡೆಯುತ್ತವೆ. ಬಂದವರು ಕೇಳುವುದು ಏನು? ನಿಲ್ದಾಣದಿಂದ ಪುಕ್ಕಟೆ ವಾಹನ. ಸಮಾವೇಶದ ಪ್ರತಿನಿಧಿಗಳಿಗೆಂದು ಇಳಿಸಿದ ಬಾಡಿಗೆ, ಆದರೆ ಆ ಇಳಿಸಿದ ಬಾಡಿಗೆಗೂ ಪಾಯಿಂಟು ಮತ್ತು ರಾತ್ರಿಯ ಲೆಕ್ಕ ಸೇರಬೇಕು. ಬೆಳಗಿನ ತಿಂಡಿ. ಮಧ್ಯಾಹ್ನ ತಡವಾಗಿ ಕೋಣೆ ಬಿಡುವ ಅನುಕೂಲ. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ದರ್ಜೆಗೆ ಸಲ್ಲಬೇಕಾದ ದೊಡ್ಡ ಕೋಣೆ ಮತ್ತು ವಿಶೇಷ ಅತಿಥಿಗಳ ಕೊಠಡಿಗೆ ಪ್ರವೇಶ. ಹೋಟೆಲಿನವರ ಫಜೀತಿ ಶುರುವಾಗುವುದು ಇಲ್ಲಿಯೇ. ಬೇರೆ ದಿನಗಳಲ್ಲಿ ಮೇಲಿನ ದರ್ಜೆಯ ಅತಿಥಿ ನೂರರಲ್ಲಿ ಕೆಲವರು. ಸಮಾವೇಶದ ದಿನ ಹೆಚ್ಚುಕಡಿಮೆ ಎಲ್ಲರೂ ಅವರೇ. ದೊಡ್ಡ ಕೋಣೆಗಳು ಬೆರಳೆಣಿಕೆಯಷ್ಟು, ವಿಶೇಷ ಕೊಠಡಿಯಲ್ಲಿ ಕುರ್ಚಿಗಳೂ ಅಷ್ಟೇ. ಎಲ್ಲರೂ ವಿಶೇಷರಾದ ಮನೆಯಲ್ಲಿ ತಿಂಡಿಗೆ ಎಲ್ಲರೂ ಸಾಲಿನಲ್ಲಿ ನಿಲ್ಲಬೇಕು.

ನಮಗೆ ಈ ದೃಶ್ಯ ಹೊಸದಲ್ಲ. ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಹೋದವರೆಲ್ಲ ಇದನ್ನು ಕಂಡಿದ್ದಾರೆ. 1915ರಲ್ಲಿ ಬೆಂಗಳೂರಿನಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಶುರುವಾದ ಈ ಕೂಟ ಊರಿಂದೂರಿಗೆ ಹೋಗುತ್ತದೆ. ಪ್ರತಿ ಊರೂ ಆತಿಥೇಯ. ಪ್ರತಿನಿಧಿಯಾಗಿ ನೋಂದಾಯಿಸಿಕೊಂಡವರಿಗೆ ಒಂದು ಚೀಲ, ಒಂದು ಬ್ಯಾಡ್ಜು, ಯಾವುದಾದರೊಂದು ಶಾಲೆಯಲ್ಲೋ ಹಾಸ್ಟೆಲಿನಲ್ಲೋ ವಸತಿ, ಸರ್ಕಾರಿ ನೌಕರರಾದರೆ ಅನ್ಯ ಕಾರ್ಯ ನಿಮಿತ್ತ ರಜೆಗೆ ಬೇಕಾದ ಹಾಜರಾತಿ ಪತ್ರ. ಆ ಪತ್ರವೇ ನಮ್ಮ ಪಾಯಿಂಟು. ಅದರ ಕೌಂಟರಿನ ಮುಂದಿನ ನೂಕುನುಗ್ಗಲು ಯಾವ ಗೋಷ್ಠಿಗೂ ಇರುವುದಿಲ್ಲ ಎಂದು ಗೊಣಗುವವರು ಪ್ರತಿ ವರ್ಷ ಇದ್ದಾರೆ. ಗಣ್ಯರ ಊಟದ ಕೌಂಟರು ಬೇರೆ, ಸಾರ್ವಜನಿಕರದ್ದು ಬೇರೆ ಎಂಬ ಜಗಳವೂ ಹಳೆಯದೇ. ಮರುದಿನದ ಪತ್ರಿಕೆಯಲ್ಲಿ ಅಧ್ಯಕ್ಷರ ಭಾಷಣದ ಪಕ್ಕದಲ್ಲಿಯೇ ಊಟದ ಸುದ್ದಿ. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಮ್ಮೇಳನದಲ್ಲಿ ಬಾಡೂಟ ಬೇಕೆಂಬ ಕೂಗು ಎದ್ದಾಗ ಕೆಲವರು ಇದೇನು ಸಾಹಿತ್ಯಕ್ಕೆ ಸಂಬಂಧಿಸಿದ್ದೇ ಎಂದು ಮೂಗು ಮುರಿದರು. ಸಂಬಂಧ ಇತ್ತು. ಆತಿಥೇಯ ಊರಿನ ಜನ ತಮ್ಮ ಮನೆಗೆ ಬಂದವರಿಗೆ ಬಡಿಸುವುದನ್ನೇ ಸಮ್ಮೇಳನದ ಎಲೆಗೂ ಬಡಿಸಬೇಕು ಎನ್ನುವಾಗ ಅವರು ಕೇಳುತ್ತಿದ್ದದ್ದು, ಈ ಪಂಕ್ತಿ ಯಾರದ್ದು ಎಂಬ ಹಳೆಯ ಪ್ರಶ್ನೆಯನ್ನೇ.

ಇದಕ್ಕೆ ಬೇರೆ ಮಾದರಿಗಳೂ ನಮ್ಮ ಹತ್ತಿರದಲ್ಲಿವೆ. ಧರ್ಮಸ್ಥಳದಲ್ಲಿ 1933ರಿಂದ ಲಕ್ಷದೀಪೋತ್ಸವದ ಜೊತೆಗೆ ಸರ್ವಧರ್ಮ ಸಮ್ಮೇಳನ, ಸಾಹಿತ್ಯ ಸಮ್ಮೇಳನ ನಡೆಯುತ್ತ ಬಂದಿವೆ. ವೇದಿಕೆಯ ಅತಿಥಿ ಯಾರೇ ಇರಲಿ, ಅನ್ನಪೂರ್ಣ ಛತ್ರದಲ್ಲಿ ಊಟಕ್ಕೆ ಚೀಟಿಯ ಅಗತ್ಯವಿಲ್ಲ. ಪುತ್ತೂರಿನಲ್ಲಿ 1930ರ ದಶಕದಲ್ಲಿ ಮೊಳಹಳ್ಳಿ ಶಿವರಾಯರು, ಶಿವರಾಮ ಕಾರಂತರು ದಸರಾ ನಾಡಹಬ್ಬವನ್ನು ನಡೆಸಿ ಘಟ್ಟದ ಮೇಲಿನ ಸಾಹಿತಿಗಳನ್ನು ಕರೆಸುತ್ತಿದ್ದರು. ಅಂಥ ಕೂಟಗಳಿಗೆ ಬಂದವರಿಗೆ ಮತ್ತೆ ಬರಬೇಕೆನಿಸುತ್ತಿದ್ದರೆ ಅದು ಕರೆದವರ ಸಲುವಾಗಿ. ಸಮುದ್ರದಾಚೆಯ ಕನ್ನಡಿಗರ ಕಥೆಯೂ ಬೇರೆಯಲ್ಲ. 1998ರಲ್ಲಿ ಹುಟ್ಟಿದ 'ಅಕ್ಕ' 2000ದಲ್ಲಿ ಹ್ಯೂಸ್ಟನ್ನಿನಲ್ಲಿ ವಿಶ್ವ ಕನ್ನಡ ಸಮ್ಮೇಳನ ನಡೆಸಿತು, ಆಮೇಲೆ ಎರಡು ವರ್ಷಕ್ಕೊಮ್ಮೆ ಬೇರೆ ಬೇರೆ ನಗರಗಳಲ್ಲಿ. ಅಲ್ಲಿಗೆ ಬಹುಪಾಲು ಜನ ವಿಮಾನದಲ್ಲಿ ಬರುತ್ತಾರೆ, ಗೊತ್ತುಮಾಡಿದ ಹೋಟೆಲಿನಲ್ಲಿ ಇಳಿಯುತ್ತಾರೆ. ಮೈಲಿಗಳೂ ರಾತ್ರಿಗಳೂ ಅವರ ಖಾತೆಗೆ ಸೇರುತ್ತವೆ, ನಿಜ. ಆದರೆ ಮೈಲಿಗಾಗಿ ಯಾರೂ ಅಲ್ಲಿಗೆ ಬರುವುದಿಲ್ಲ. ಹೋಟೆಲಿನ ಲಿಫ್ಟಿನಲ್ಲಿ ಅಪರಿಚಿತರೊಬ್ಬರು 'ನೀವು ಯಾವ ಕಡೆಯವರು?' ಎಂದು ಕನ್ನಡದಲ್ಲಿ ಕೇಳುವ ಆ ಒಂದು ಪ್ರಶ್ನೆಗೆ ಬರುತ್ತಾರೆ.

ಹಾಗಿದ್ದರೆ ಪಾಯಿಂಟುಗಳು ಯಾರಿಗೆ ಬೇಕು? ಇದಕ್ಕೆ ಉತ್ತರ ಕಂಪೆನಿಗಳ ಲೆಕ್ಕಪತ್ರದಲ್ಲಿದೆ. ಮೈಲಿಗಳನ್ನು ವಿಮಾನ ಕಂಪೆನಿ ಪುಕ್ಕಟೆ ಹಂಚುವುದಿಲ್ಲ. ಕ್ರೆಡಿಟ್ ಕಾರ್ಡು ಕೊಡುವ ಬ್ಯಾಂಕುಗಳಿಗೆ ಅವನ್ನು ಮಾರುತ್ತದೆ, ಬ್ಯಾಂಕು ಗಿರಾಕಿಗೆ ಕೊಡುತ್ತದೆ. 2020ರಲ್ಲಿ ಕೋವಿಡ್ ಬಂದು ವಿಮಾನಗಳು ನೆಲ ಹಿಡಿದಾಗ ಅಮೆರಿಕದ ಯುನೈಟೆಡ್ ಕಂಪೆನಿ ಸಾಲಕ್ಕೆ ಅಡವಿಟ್ಟದ್ದು ತನ್ನ ಮೈಲೇಜ್ ಯೋಜನೆಯನ್ನು. ಮರುವರ್ಷ ಅಮೆರಿಕನ್ ಏರ್‌ಲೈನ್ಸ್ ಕೂಡ ಹಾಗೆಯೇ ಮಾಡಿತು. ಹಾರಾಟ ನಿಂತಾಗಲೂ ಬೆಲೆ ಬಾಳುವ ಆಸ್ತಿಯೆಂದರೆ ಯಾರು ಪದೇ ಪದೇ ಬರುತ್ತಾರೆ ಎಂಬ ಪಟ್ಟಿ.

ನಮ್ಮಲ್ಲೂ ಇದಕ್ಕೆ ಎರಡು ಪಾಠಗಳಿವೆ. ಬಂಟ್ವಾಳ ಮೂಲದ ಮನೆತನದ ವಿಜಯ ಮಲ್ಯ 2005ರಲ್ಲಿ ಬೆಂಗಳೂರಿನಿಂದ ಕಿಂಗ್‌ಫಿಷರ್ ವಿಮಾನಗಳನ್ನು ಹಾರಿಸಿದರು. ಹತ್ತಿದವರನ್ನು ಪ್ರಯಾಣಿಕರೆನ್ನದೆ ಅತಿಥಿಗಳೆಂದು ಕರೆಯಬೇಕೆಂಬುದು ಅಲ್ಲಿನ ಕಟ್ಟಳೆ. ಅತಿಥಿಗಳ ಮೈಲಿಗೆ ಕಿಂಗ್ ಕ್ಲಬ್ಬು. 2012ರ ಅಕ್ಟೋಬರಿನಲ್ಲಿ ವಿಮಾನಗಳು ನಿಂತವು, ಮೈಲಿಗಳು ಬರೀ ಅಂಕೆಗಳಾದವು. ಕೂಡಿಸಿಟ್ಟವರು ಮರುಗಿದರು. ಆದರೆ ಅದೇ ವಿಮಾನಗಳಲ್ಲಿ ನಗುನಗುತ್ತ ಸ್ವಾಗತಿಸಿದವರು, ಇಂಜಿನು ತಿಕ್ಕಿದವರು, ಚೀಲ ಹೊತ್ತವರು ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದಿದ್ದರು. ಆತಿಥೇಯನ ಮನೆ ಮುರಿದಾಗ ಅತಿಥಿ ಕಳೆದುಕೊಂಡದ್ದು ಬಾರದ ಒಂದು ಪ್ರವಾಸ, ಬಡಿಸಿದವರು ಕಳೆದುಕೊಂಡದ್ದು ಮನೆಬಾಡಿಗೆ, ಮಕ್ಕಳ ಫೀಸು. ಜೆಟ್ ಏರ್‌ವೇಸಿನ ಕಥೆ ಇನ್ನೊಂದು ಬಗೆ. ಅದು 2019ರ ಏಪ್ರಿಲ್ 17ರಂದು ಕೊನೆಯ ಬಾರಿ ಹಾರಿತು. ಅದರ ಮೈಲಿ ಯೋಜನೆ ಮಾತ್ರ ಬೇರೆ ಕಂಪೆನಿಯಾಗಿದ್ದರಿಂದ ಇಂಟರ್‌ಮೈಲ್ಸ್ ಎಂದು ಹೆಸರು ಬದಲಿಸಿಕೊಂಡು ಮುಂದುವರಿಯಿತು. ಮನೆ ಬಿದ್ದಿತು, ಅತಿಥಿಗಳ ಪಟ್ಟಿ ಬದುಕಿತು. ಬೋರ್ಡಿಂಗಿನ ಹುಡುಗ ಕೇಳಿದ್ದರೆ ನಂಬುತ್ತಿರಲಿಲ್ಲ.

ಹಾಗೆಂದು ಪಾಯಿಂಟು ಕೂಡಿಸುವವರನ್ನು ಹಗುರವಾಗಿ ಕಾಣುವಂತಿಲ್ಲ. ಅವರು ಕೇಳುವುದನ್ನು ಸೋಸಿ ನೋಡಿದರೆ ಉಳಿಯುವುದು ಮೂರೇ: ಹೇಳಿದ್ದನ್ನು ಕೊಡಿ, ನಮ್ಮಂಥವರ ಜೊತೆ ಕೂರಲು ಒಂದು ಜಾಗ ಕೊಡಿ, ನಾವು ಯಾರೆಂದು ಗುರುತಿಡಿ. ಛತ್ರಕ್ಕೆ ಬಂದವನೂ ಬೋರ್ಡಿಂಗಿನ ಗುಮಾಸ್ತನೂ ಸಮ್ಮೇಳನದ ಮೇಷ್ಟರೂ ಕೇಳಿದ್ದು ಇವನ್ನೇ. ಯಂತ್ರ ಮೊದಲನೆಯದನ್ನು ಚೆನ್ನಾಗಿ ಮಾಡುತ್ತದೆ. ಎರಡನೆಯದನ್ನು ಸಮಾವೇಶಕ್ಕೆ ಬಂದವರು ತಾವೇ ಮಾಡಿಕೊಳ್ಳುತ್ತಾರೆ. ಮೂರನೆಯದಕ್ಕೆ ಈಗಲೂ ಕೌಂಟರಿನ ಹಿಂದೆ ಒಬ್ಬ ಮನುಷ್ಯ ಬೇಕು, ಆ ಮನುಷ್ಯ ಮುಂದಿನ ವರ್ಷವೂ ಅಲ್ಲೇ ಇರುವಷ್ಟು ಸಂಬಳ ಅವನಿಗೆ ಸಿಗಬೇಕು.

ನಮ್ಮ ಜಿಲ್ಲೆಯಲ್ಲಿ ನಿಜವಾಗಿಯೂ ಪದೇ ಪದೇ ಹಾರುವವರು ಬೇರೆಯೇ ಇದ್ದಾರೆ. ಬಜ್ಪೆಯ ನಿಲ್ದಾಣಕ್ಕೆ 1951ರಲ್ಲಿ ಮೊದಲು ಬಂದಿಳಿದವರಲ್ಲಿ ನೆಹರೂ ಒಬ್ಬರು. ಆದರೆ ಅದನ್ನು ತುಂಬಿಸಿದವರು ಗಲ್ಫಿಗೆ ದುಡಿಯಲು ಹೋದ ಕರಾವಳಿಯ ಜನ. 2006ರಲ್ಲಿ ದುಬೈಗೆ ನೇರ ವಿಮಾನ ಬರುವವರೆಗೆ ಅವರು ಮುಂಬಯಿಗೋ ಕೇರಳಕ್ಕೋ ಹೋಗಿ ಹತ್ತಬೇಕಿತ್ತು. ಹತ್ತುವ ಮೊದಲಿನ ರಾತ್ರಿಗಳು ಪರಿಚಯದವರ ಕೋಣೆಯಲ್ಲಿ, ಊರವರ ಹೋಟೆಲಿನ ಮಹಡಿಯಲ್ಲಿ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದಿಂದ ಜಾರಿ 158 ಮಂದಿ ತೀರಿಕೊಂಡಾಗ ಕಾಸರಗೋಡಿನಿಂದ ಉಡುಪಿಯವರೆಗೆ ಎಷ್ಟೋ ಮನೆಗಳಲ್ಲಿ ಅಡುಗೆ ಕಾದು ಕೂತಿತ್ತು.

ಇವರು ಸಮಾವೇಶ ಸೇರುವವರಲ್ಲ. ಅಗ್ಗದ ಟಿಕೆಟ್, ಏಜೆಂಟರು ತೆಗೆಸಿದ್ದು. ದರ್ಜೆಯ ಕಾರ್ಡು ಇವರ ಕಿಸೆಯಲ್ಲಿ ಇರುವುದು ಅಪರೂಪ. ಇವರನ್ನು ಕೇಳಿದರೆ ಬೇಕಾದದ್ದು ಇಷ್ಟೇ: ಇನ್ನೈದು ಕಿಲೋ ಲಗೇಜು, ರಜೆಯ ತಿಂಗಳಲ್ಲಿ ದುಪ್ಪಟ್ಟಾಗದ ದರ, ಬೇರೆಲ್ಲೂ ಇಳಿಸದೆ ಊರಿಗೇ ಬರುವ ವಿಮಾನ. ಇಪ್ಪತ್ತು ಮೂವತ್ತು ವರ್ಷ ಹೋಗಿ ಬಂದು ಮಾಡುತ್ತಾರೆ. ಬರುವ ದಿನವೂ ಹೊರಡುವ ದಿನವೂ ಟಿಕೆಟಿನಲ್ಲೇ ಅಚ್ಚಾಗಿರುತ್ತದೆ. ಬಂದ ದಿನ ಜಗಲಿಯಲ್ಲಿ ನೀರು ಕೊಡುತ್ತಾರೆ, ನೆಂಟರು ಊಟಕ್ಕೆ ಕರೆಯುತ್ತಾರೆ, ಇನ್ನೆಷ್ಟು ದಿನ ರಜೆ ಎಂದು ಕೇಳುತ್ತಾರೆ. ಅಂಗಳದ ಮಗುವಿಗೆ ಅವರ ಗುರುತು ಹತ್ತಲು ಒಂದು ವಾರ ಬೇಕಾಗುತ್ತದೆ. ಗುರುತು ಹತ್ತುವ ಹೊತ್ತಿಗೆ ಪೆಟ್ಟಿಗೆ ಕಟ್ಟುವ ಕೆಲಸ ಶುರುವಾಗಿರುತ್ತದೆ. ತಮ್ಮ ಸ್ವಂತ ಮನೆಗೆ, ತಿಥಿ ಗೊತ್ತುಮಾಡಿಕೊಂಡು, ಪದೇ ಪದೇ ಬರುವ ಅತಿಥಿಗಳು ಇವರು. ಅವರು ದಾಟಿದ ಸಮುದ್ರದ ಮೈಲಿಗಳನ್ನು ಲೆಕ್ಕ ಇಟ್ಟವರು ಮನೆಯವರು ಮಾತ್ರ.